ಕಲಿತ ನುಡಿಯ ಕೂಳೆ ಬೆಳೆ

ವಿದ್ಯೆಯನ್ನು ಕುರಿತು ನಮ್ಮ ಜನ ಆಡುವ ಮಾತುಗಳಲ್ಲಿ ಒಂದು ವೈಚಿತ್ರ್ಯವಿದೆ. ಈಜು ಕಲಿತವನು ಈಜನ್ನು ಮರೆತೆನೆಂದು ಹೇಳುವುದಿಲ್ಲ. ಲೆಕ್ಕ ಕಲಿತವನು ಕೂಡುವುದನ್ನೂ ಕಳೆಯುವುದನ್ನೂ ಮರೆತಿದ್ದರೆ ಅದನ್ನು ನಾಲ್ಕು ಜನರ ಎದುರಿನಲ್ಲಿ ಹೇಳಿಕೊಳ್ಳಲು ನಾಚುತ್ತಾನೆ. ಆದರೆ ಹತ್ತು ವರ್ಷ ಓದಿದ ಭಾಷೆಯೊಂದನ್ನು ಕುರಿತು, “ಓದಿದ್ದೆ ಸ್ವಾಮಿ, ಈಗ ಎಲ್ಲಾ ಹೊರಟುಹೋಯಿತು” ಎನ್ನುವಾಗ ಮಾತ್ರ ನಮಗೆ ನಾಚಿಕೆಯಿಲ್ಲ, ವ್ಯಥೆಯೂ ಇಲ್ಲ. ಕೆಲವರಂತೂ ಅದನ್ನು ವಿನೋದದ ಮಾತಾಗಿಯೇ ಆಡುತ್ತಾರೆ. ಬಾಡಿಗೆಯ ಮನೆಯನ್ನು ಬಿಟ್ಟು ಹೊರಟವನು ಅಲ್ಲಿನ ಗೋಡೆಗೆ ಹೊಡೆದ ಮೊಳೆಯನ್ನು ನೆನೆಯುವನೆ? ಪರಭಾಷೆಯೂ ನಮಗೆ ಅಷ್ಟೇ ಆಗಿದೆ.

ಈ ಉದಾಸೀನ ಎಷ್ಟು ದುಬಾರಿಯಾದುದೆಂಬುದನ್ನು ನಮ್ಮ ಕಡೆಯ ಊರುಗಳಲ್ಲಿ ನಿಂತು ನೋಡಬೇಕು. ಮಳವಳ್ಳಿ ತಾಲ್ಲೂಕಿನ ಬಂಡೂರು ಎಂದರೆ ಹೊರಗಿನವರಿಗೆ ಕುರಿಯ ನೆನಪಾಗುತ್ತದೆ. ಗಿಡ್ಡ ಕಾಲಿನ, ತುಂಬು ಮೈಯ ಆ ತಳಿಗೆ ಊರಿನ ಹೆಸರೇ ಹೆಸರಾಗಿದೆ. ಕುರಿ ಸಾಕುವ ಮನೆಯಲ್ಲಿ ಸಂಜೆ ಒಂದು ಮರಿ ಮಂದೆಗೆ ಮರಳದಿದ್ದರೆ ಮನೆಮಂದಿಯೆಲ್ಲ ದೀಪ ಹಿಡಿದು ಹುಡುಕಹೊರಡುತ್ತಾರೆ. ಅದೇ ಮನೆಯ ಹುಡುಗ ಹತ್ತು ವರ್ಷ ಕಲಿತ ಇಂಗ್ಲಿಷು ಅವನು ಕಾಲೇಜಿನ ಬಾಗಿಲು ದಾಟುವಷ್ಟರಲ್ಲಿ ತಪ್ಪಿಸಿಕೊಂಡು ಹೋದರೆ ಹುಡುಕುವವರಿಲ್ಲ. ಮರಿಯ ಬೆಲೆ ಎಲ್ಲರಿಗೂ ಗೊತ್ತು. ನುಡಿಯ ಬೆಲೆಯನ್ನು ಕಟ್ಟುವವರು ಯಾರು?

ಕರ್ನಾಟಕದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುತ್ತಿದ್ದಾರೆ. ಆ ನಿರ್ಧಾರ ಸರಿಯೇ ತಪ್ಪೇ ಎಂಬ ವಾದವನ್ನು ನಾನಿಲ್ಲಿ ಎತ್ತುವುದಿಲ್ಲ. ಕಲಿಸುತ್ತಿದ್ದೇವೆ ಎಂಬುದು ಸತ್ಯ. ಹತ್ತನೆಯ ತರಗತಿಯವರೆಗೆ ಹತ್ತು ವರ್ಷ, ಅನಂತರ ಪದವಿಪೂರ್ವ ತರಗತಿಗಳಲ್ಲಿ ಎರಡು ವರ್ಷ, ಪದವಿಗೆ ಬಂದರೆ ಅಲ್ಲಿಯೂ ಒಂದಿಷ್ಟು. ಇಷ್ಟು ಕಾಲ ಒಬ್ಬ ಬಡಗಿಯ ಬಳಿ ಕೆಲಸಕ್ಕೆ ನಿಂತ ಹುಡುಗ ಮನೆಯ ಬಾಗಿಲು ಕಿಟಕಿಗಳನ್ನು ತಾನೇ ಮಾಡಿ ನಿಲ್ಲಿಸುತ್ತಾನೆ. ನಮ್ಮ ವಿದ್ಯಾರ್ಥಿ ಮಾತ್ರ ಬ್ಯಾಂಕಿನಲ್ಲಿ ಕೊಟ್ಟ ಒಂದು ಪುಟದ ಕಾಗದವನ್ನು ಓದಿ ತಿಳಿಯಲಾರದೆ ಕಂಡವರ ಮುಖವನ್ನು ನೋಡುತ್ತಾನೆ. ಬುದ್ಧಿಯ ಕೊರತೆ ಇದಕ್ಕೆ ಕಾರಣವೆನ್ನಲು ಬಾರದು. ಅದೇ ಹುಡುಗ ಪಂಪ್‌ಸೆಟ್ಟನ್ನು ಬಿಚ್ಚಿ ಜೋಡಿಸಬಲ್ಲ. ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು ಅದರ ಗುಣವನ್ನು ಹೇಳಬಲ್ಲ.

ಇಂಗ್ಲಿಷಿನ ಕಥೆ ಹಳೆಯದು. ಈಗ ಹೊಸ ಕಥೆಗಳೂ ಸೇರಿವೆ. ನಮ್ಮ ಹಳ್ಳಿಗಳ ಮಕ್ಕಳು ಬೆಂಗಳೂರಿಗೆ ಹೋಗಿ ಜರ್ಮನ್ ಕಲಿಯುತ್ತಾರೆ, ಜಪಾನೀ ಕಲಿಯುತ್ತಾರೆ. ದೂರದ ದೇಶದ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಕೆಲಸ ದೊರೆತೀತೆಂಬ ಆಸೆ ಅವರನ್ನು ಆ ತರಗತಿಗಳಿಗೆ ಕರೆದೊಯ್ಯುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಶುಶ್ರೂಷೆಯ ಶಿಕ್ಷಣ ಮುಗಿಸಿ ಹೀಗೆ ಜರ್ಮನ್ ಕಲಿತಳು. ತಾಯಿಯ ಸರ ಗಿರವಿಗೆ ಹೋಯಿತು. ಹುಡುಗಿ ಪರೀಕ್ಷೆಯಲ್ಲಿ ತೇರ್ಗಡೆಯಾದಳು; ಪ್ರಮಾಣಪತ್ರ ಬಂದಿತು; ಪ್ರಯಾಣದ ಕಾಗದಪತ್ರಗಳು ಮಾತ್ರ ಬರಲಿಲ್ಲ. ಎರಡು ವರ್ಷ ಊರಿನಲ್ಲಿಯೇ ಕಳೆಯಿತು. ಕೊನೆಗೊಮ್ಮೆ ಸಂದರ್ಶನಕ್ಕೆ ಕರೆ ಬಂದಾಗ ಆಕೆಗೆ ಒಂದು ವಾಕ್ಯವನ್ನೂ ನೆಟ್ಟಗೆ ಆಡಲಾಗಲಿಲ್ಲ. “ಸಾರ್, ಪುಸ್ತಕ ಬಿಚ್ಚಿದರೆ ಎಲ್ಲಾ ಕಂಡ ಮುಖಗಳೇ, ಹೆಸರು ಮಾತ್ರ ಬಾಯಿಗೆ ಬರೋದಿಲ್ಲ” ಎಂದಳು. ಮರೆವಿನ ಸ್ವರೂಪವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಮಾತನ್ನು ನಾನು ಕೇಳಿಲ್ಲ. ಪ್ರಮಾಣಪತ್ರವು ಪೆಟ್ಟಿಗೆಯಲ್ಲಿ ಹೊಚ್ಚ ಹೊಸದಾಗಿಯೇ ಇತ್ತು. ಕಾಗದಕ್ಕೆ ಗೆದ್ದಲು ಹಿಡಿಯುವ ಮೊದಲೇ ಅದು ಸಾರುತ್ತಿದ್ದ ವಿದ್ಯೆಗೆ ಗೆದ್ದಲು ಹಿಡಿದಿತ್ತು.

ಹಾಗಾದರೆ ಕಲಿತ ಭಾಷೆ ಹೋಗುವುದು ಎಲ್ಲಿಗೆ? ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ವಿಚಾರಿಸಿದವರಿದ್ದಾರೆ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹಚ್ಚಿ, ತಾನೇ ಮರೆತು, ಆ ಮರೆವನ್ನು ಅಳೆದು, 1885ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಮರೆವು ಮೊದಲು ಧಾವಿಸುತ್ತದೆ, ಆಮೇಲೆ ನಡೆಯುತ್ತದೆ, ಕೊನೆಗೆ ತೆವಳುತ್ತದೆ ಎಂಬುದು ಅವನು ಕಂಡುಕೊಂಡ ಮೊದಲನೆಯ ಸಂಗತಿ. ಪೂರ್ತಿಯಾಗಿ ಮರೆತಂತೆ ತೋರುವುದನ್ನು ಮತ್ತೆ ಕಲಿಯಹೊರಟರೆ ಮೊದಲಿನಷ್ಟು ಕಾಲ ಹಿಡಿಯುವುದಿಲ್ಲ ಎಂಬುದು ಎರಡನೆಯದು. ಎಂದರೆ, ಹೋಯಿತೆಂದು ನಾವು ಕೈಬಿಟ್ಟುದರಲ್ಲಿ ಒಂದು ಪಾಲು ಒಳಗೆಲ್ಲಿಯೋ ಉಳಿದೇ ಇರುತ್ತದೆ.

ಅಮೆರಿಕದ ಹ್ಯಾರಿ ಬಾರಿಕ್ ಎಂಬ ಮನಶ್ಶಾಸ್ತ್ರಜ್ಞನು ಇದನ್ನು ಭಾಷೆಗೇ ಅನ್ವಯಿಸಿ ನೋಡಿದನು. ಶಾಲೆ ಕಾಲೇಜುಗಳಲ್ಲಿ ಸ್ಪ್ಯಾನಿಷ್ ಕಲಿತ 733 ಜನರನ್ನು ಪರೀಕ್ಷಿಸಿ, ಅದರ ಫಲವನ್ನು 1984ರಲ್ಲಿ ಪ್ರಕಟಿಸಿದನು. ಅವರಲ್ಲಿ ಐವತ್ತು ವರ್ಷಗಳ ಹಿಂದೆ ಕಲಿತವರೂ ಇದ್ದರು. ಮೊದಲ ಮೂರರಿಂದ ಆರು ವರ್ಷಗಳಲ್ಲಿ ಭಾಷೆ ಬಹುವಾಗಿ ಸವೆಯುತ್ತದೆ. ಆ ಗಂಡವನ್ನು ದಾಟಿ ಉಳಿದದ್ದು ಮುಂದೆ ಇಪ್ಪತ್ತೈದು ಮೂವತ್ತು ವರ್ಷಗಳವರೆಗೆ ಹೆಚ್ಚು ಕಡಮೆ ಹಾಗೆಯೇ ನಿಲ್ಲುತ್ತದೆ ಎಂಬುದು ಆತನ ನಿರ್ಣಯ. ಯಾರಲ್ಲಿ ಹೆಚ್ಚು ಉಳಿಯಿತು? ಮೊದಲು ಯಾರು ಹೆಚ್ಚು ಕಾಲ, ಹೆಚ್ಚು ಆಳವಾಗಿ ಕಲಿತಿದ್ದರೋ ಅವರಲ್ಲಿ.

ಮಂಡ್ಯದ ಸೀಮೆಯವರಿಗೆ ಇದನ್ನು ತಿಳಿಸಲು ಮನಶ್ಶಾಸ್ತ್ರದ ಪರಿಭಾಷೆ ಬೇಕಾಗಿಲ್ಲ. ಕಬ್ಬನ್ನು ಕಡಿದ ಮೇಲೆ ಗದ್ದೆ ಬೋಳಾಗಿ ಕಾಣುತ್ತದೆ. ತಿಳಿಯದವನು ಬೆಳೆ ಮುಗಿಯಿತೆಂದು ಭಾವಿಸುತ್ತಾನೆ. ಆದರೆ ನೆಲದಲ್ಲಿ ಕೂಳೆ ಇದೆ. ನೀರು ಕಟ್ಟಿ, ಗೊಬ್ಬರ ಕೊಟ್ಟರೆ ಹೊಸದಾಗಿ ಬಿತ್ತನೆ ಮಾಡದೆಯೇ ಅದು ಮತ್ತೆ ಚಿಗುರುತ್ತದೆ. ಕೂಳೆ ಬೆಳೆಗೆ ಖರ್ಚು ಕಡಮೆ, ಶ್ರಮವೂ ಕಡಮೆ. ಆದರೆ ಎರಡು ನಿಬಂಧನೆಗಳುಂಟು: ಮೊದಲ ಬೆಳೆಯ ಬೇರು ಆಳವಾಗಿ ಇಳಿದಿರಬೇಕು, ಕಡಿದ ಮೇಲೆ ಬಹುಕಾಲ ಒಣಗಲು ಬಿಡಬಾರದು. ಕಲಿತ ನುಡಿಯ ವಿಷಯದಲ್ಲಿಯೂ ನಿಬಂಧನೆಗಳು ಇವೇ ಎರಡು. ನಾವು ಎರಡನ್ನೂ ಮೀರುತ್ತಿದ್ದೇವೆ. ಬೇರು ಇಳಿಯುವ ಮೊದಲೇ ಪರೀಕ್ಷೆಯ ಕುಡುಗೋಲನ್ನು ಹಾಕುತ್ತೇವೆ. ಹಾಕಿದ ಮರುದಿನದಿಂದ ನೀರು ನಿಲ್ಲಿಸುತ್ತೇವೆ. ಯಾವ ಮೂರು ವರ್ಷಗಳಲ್ಲಿ ಭಾಷೆಯನ್ನು ಕಣ್ಣಿಟ್ಟು ಕಾಯಬೇಕೋ ಅದೇ ಮೂರು ವರ್ಷ ಅದನ್ನು ಬಯಲಿಗೆ ಬಿಟ್ಟು ಬಿಡುತ್ತೇವೆ.

ವ್ಯಕ್ತಿಗೆ ಆಗುವುದು ನಾಡಿಗೂ ಆಗುವುದುಂಟು. ಇದಕ್ಕೆ ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣವೇ ಸಾಕ್ಷಿ. ಟಿಪ್ಪುವಿನ ಆಳ್ವಿಕೆಯಲ್ಲಿ ಪಾರ್ಸಿ ಭಾಷೆಗೆ ಆಸ್ಥಾನದಲ್ಲಿಯೂ ಆಡಳಿತದಲ್ಲಿಯೂ ದೊಡ್ಡ ಸ್ಥಾನವಿದ್ದಿತು. ಅದನ್ನು ಬಲ್ಲವನಿಗೆ ಉದ್ಯೋಗವಿದ್ದಿತು, ಮನ್ನಣೆಯಿದ್ದಿತು. 1799ರಲ್ಲಿ ಕೋಟೆ ಬಿದ್ದಿತು. ಅದರೊಡನೆ ಪಾರ್ಸಿಯ ಉದ್ಯೋಗವೂ ಬಿದ್ದಿತು. ಇಂದು ಆ ಕೋಟೆಯ ನೆರಳಿನಲ್ಲಿ ಬಾಳುವವರಲ್ಲಿ ಪಾರ್ಸಿಯ ಗ್ರಂಥವನ್ನು ಬಿಡಿಸಿ ಓದಬಲ್ಲವರನ್ನು ಹುಡುಕಿಯೇ ನೋಡಬೇಕು. ಆದರೆ ನಮ್ಮ ರೈತನು ತಾಲ್ಲೂಕು ಕಚೇರಿಗೆ ಹೋಗಿ ಜಮೀನಿನ ತಕರಾರಿಗೆ ಅರ್ಜಿ ಬರೆದು, ದಸ್ತಾವೇಜಿಗೆ ರುಜು ಹಾಕುವಾಗ ಅವನ ನಾಲಗೆಯ ಮೇಲೆ ಪಾರ್ಸಿ ಅರಬ್ಬಿಗಳ ಸಂತತಿ ಸಾಲಾಗಿ ನಡೆಯುತ್ತದೆ. ಈ ಮಾತುಗಳೆಲ್ಲ ಶ್ರೀರಂಗಪಟ್ಟಣದಿಂದಲೇ ಹೊರಟವೆಂದಲ್ಲ. ಉರ್ದು ಮರಾಠಿಗಳ ದಾರಿಯಿಂದಲೂ ಬಹಳ ಹಿಂದಿನಿಂದ ಬಂದವು. ಭಾಷೆ ಹೋಯಿತು; ಕನ್ನಡದಲ್ಲಿ ಕೆಲಸಕ್ಕೆ ನಿಂತ ಮಾತುಗಳು ಉಳಿದುವು. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿತು. ಅಲ್ಲಿನ ತಾಣಕ್ಕೆ ಅಂಟಿದ ‘ಬ್ಲಫ್’ ಎಂಬ ಇಂಗ್ಲಿಷ್ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಅದರ ಅರ್ಥವನ್ನು ಕೇಳಿದರೆ ಹೇಳುವವರು ವಿರಳ. ಆದರೂ ಮಾತು ನಿಂತಿದೆ. ಏಕೆಂದರೆ ಅದಕ್ಕೆ ದಿನವೂ ಕೆಲಸವಿದೆ.

ಇದರಿಂದ ನಾನು ತೆಗೆಯುವ ತಾತ್ಪರ್ಯ ಇಷ್ಟು: ಕೆಲಸವಿದ್ದ ಭಾಷೆ ಉಳಿಯುತ್ತದೆ, ಕೆಲಸವಿಲ್ಲದ ಭಾಷೆ ಹೋಗುತ್ತದೆ. ನೆನಪಿನ ಶಕ್ತಿ ಇದರಲ್ಲಿ ಎರಡನೆಯ ಮಾತು. ಪರಭಾಷೆಗೆ ಕೆಲಸವನ್ನು ಸರ್ಕಾರವೋ ಕಂಪನಿಯೋ ಕೊಟ್ಟಾಗ ಅದು ಅವರ ಅನುಗ್ರಹವಿರುವಷ್ಟು ದಿನ ಮಾತ್ರ ಬಾಳುತ್ತದೆ. ಕಲಿತವನು ತಾನೇ ಅದಕ್ಕೊಂದು ಕೆಲಸವನ್ನು ಕಲ್ಪಿಸಿಕೊಟ್ಟರೆ ಅದು ಅವನೊಡನೆಯೇ ಬಾಳುತ್ತದೆ.

ಹಾಗೆ ಕೆಲಸ ಕೊಟ್ಟವರ ಉದಾಹರಣೆಗಳಿಗೆ ನಾವು ದೂರ ಹೋಗಬೇಕಾಗಿಲ್ಲ. ಕನ್ನಡವೇ ಯಾರಿಗೆ ಪರಭಾಷೆಯಾಗಿತ್ತೋ ಅಂತಹವರೊಬ್ಬರನ್ನು ಮೊದಲು ನೋಡೋಣ. ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದುದು ಜರ್ಮನಿಯ ಉತ್ತರದ ಕಡಲ ಸೀಮೆಯಲ್ಲಿ, 1832ರಲ್ಲಿ. ಬಾಸೆಲ್ ಮಿಷನ್ನಿನವರು ಅವರನ್ನು 1853ರಲ್ಲಿ ಇಲ್ಲಿಗೆ ಕಳುಹಿಸಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ಅವರು ಬಂದುದು ಮತಪ್ರಚಾರಕ್ಕೆ. ಅದಕ್ಕೆ ಬೇಕಾದಷ್ಟು ಕನ್ನಡವನ್ನು ಕಲಿತು ನಿಲ್ಲಬಹುದಾಗಿತ್ತು. ಅವರು ನಿಲ್ಲಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಜನರ ಗಾದೆಗಳನ್ನು ಕೂಡಿಸಿ ಶಬ್ದಗಳ ಬೆನ್ನಿಗೆ ಕಟ್ಟಿದರು. ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಿತು.

ಇದೆಲ್ಲವೂ ವಾಚಕರಿಗೆ ತಿಳಿದ ಸಂಗತಿಯೇ. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿಯ ಕಡೆಗೆ ಅವರ ದೃಷ್ಟಿಯನ್ನು ಸೆಳೆಯಬಯಸುತ್ತೇನೆ. ನಿಘಂಟು ಅಚ್ಚಾಗುವ ಹೊತ್ತಿಗೆ ಕಿಟ್ಟೆಲ್ ಇಲ್ಲಿರಲಿಲ್ಲ. ಜರ್ಮನಿಗೆ ಹಿಂದಿರುಗಿ ಟ್ಯೂಬಿಂಗೆನ್ ಎಂಬ ಊರಿನಲ್ಲಿ ನೆಲೆಸಿದ್ದರು. ಮಾತನಾಡಿಸಲು ಕನ್ನಡದ ನೆರೆಯವರಿಲ್ಲ, ಸಂತೆಯಿಲ್ಲ, ಹರಟೆಯಿಲ್ಲ. ವಯಸ್ಸು ಅರುವತ್ತನ್ನು ಮೀರಿತ್ತು. ಭಾಷೆ ಮಾಸಿಹೋಗಲು ಇದಕ್ಕಿಂತ ಅನುಕೂಲವಾದ ಸನ್ನಿವೇಶ ಮತ್ತೊಂದಿಲ್ಲ. ಆದರೂ ಅವರ ಕನ್ನಡ ವ್ಯಾಕರಣವು ಹೊರಬಂದುದು 1903ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹತ್ತು ವರ್ಷಕ್ಕೂ ಮಿಗಿಲಾಗಿ ಕನ್ನಡದ ಗಾಳಿ ಸೋಕದ ಊರಿನಲ್ಲಿ ಕುಳಿತು ಅವರು ಕನ್ನಡವನ್ನು ಉಳಿಸಿಕೊಂಡುದು ಹೇಗೆ? ಮುಗಿಯದ ಕೆಲಸವೊಂದು ಮೇಜಿನ ಮೇಲಿತ್ತು. ಭಾಷೆಯನ್ನು ಉಳಿಸಿಕೊಳ್ಳಬೇಕೆಂದು ಅವರು ಪ್ರತ್ಯೇಕವಾಗಿ ಪ್ರಯತ್ನಪಡಬೇಕಾದ ಅಗತ್ಯವೇ ಇರಲಿಲ್ಲ. ಕೆಲಸ ಅವರನ್ನು ಉಳಿಸಿಕೊಂಡಿತು. ಕೆಲಸದ ಜೊತೆಗೆ ಭಾಷೆಯೂ ಉಳಿಯಿತು.

ಇನ್ನು ನಮ್ಮವರು ಪರಭಾಷೆಯನ್ನು ದುಡಿಸಿಕೊಂಡ ಬಗೆ. ಬಿ. ಎಂ. ಶ್ರೀಕಂಠಯ್ಯನವರ ಮನೆತನ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಎಂದರೆ ಇಂದಿನ ನಮ್ಮ ಜಿಲ್ಲೆಯದು. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಪಾಠ ಹೇಳಿ, ಸಂಬಳ ಪಡೆದು, ಇಂಗ್ಲಿಷಿನಲ್ಲಿಯೇ ಒಂದೆರಡು ಪ್ರಬಂಧಗಳನ್ನು ಬರೆದು ನಿವೃತ್ತರಾಗಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ, ನೆನೆಯುತ್ತಲೂ ಇರಲಿಲ್ಲ. ಅವರು ತಾವು ಬಲ್ಲ ಇಂಗ್ಲಿಷ್ ಕವಿತೆಯನ್ನು ಕನ್ನಡದ ಕೆಲಸಕ್ಕೆ ಹೂಡಿದರು. ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದ ಮೇಲೆ ಕನ್ನಡ ಕವಿತೆಯ ನಡೆಯೇ ಬದಲಾಯಿತೆಂಬುದನ್ನು ಸಾಹಿತ್ಯ ಚರಿತ್ರೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ. ಗ್ರೀಕ್ ನಾಟಕಕಾರ ಸೊಫೊಕ್ಲೀಸನ ಅಜ್ಯಾಕ್ಸನು ಅವರ ಕೈಯಲ್ಲಿ ಅಶ್ವತ್ಥಾಮನಾದನು. ಈಸ್ಕಿಲಸನ ಪಾರಸಿಕರು 1935ರಲ್ಲಿ ಕನ್ನಡವನ್ನಾಡಿದರು. ಇದೇ ಜಿಲ್ಲೆಯ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರೂ ಇಂಗ್ಲಿಷನ್ನೇ ಬೋಧಿಸಿದರು. ಫ್ರಾನ್ಸಿನ ಮೋಲಿಯೇರನ ಕಪಟಿಯೊಬ್ಬನನ್ನು ‘ಆಷಾಢಭೂತಿ’ಯನ್ನಾಗಿ ಮಾಡಿ ನಮ್ಮ ರಂಗದ ಮೇಲೆ ನಿಲ್ಲಿಸಿದರು. ಇವರ ಪರಭಾಷಾಜ್ಞಾನ ಮಾಸಲಿಲ್ಲ. ಏಕೆಂದರೆ ಪ್ರತಿಯೊಂದು ಸಾಲನ್ನೂ ಕನ್ನಡಕ್ಕೆ ತರುವಾಗ ಆ ಭಾಷೆಯ ಮಾತನ್ನು ಎತ್ತಿ, ತೂಗಿ, ತಿರುಗಿಸಿ ನೋಡಬೇಕಾಗುತ್ತದೆ. ಹಾಗೆ ನೋಡಿದ ಮಾತು ಮತ್ತೆ ಮರೆಯುವುದಿಲ್ಲ.

ಎ. ಕೆ. ರಾಮಾನುಜನ್ ಅವರ ಬಾಳು ಇದೇ ಸತ್ಯದ ಮತ್ತೊಂದು ಮುಖ. ಮನೆಯ ಮಾತು ತಮಿಳು, ಮೈಸೂರಿನ ಬೀದಿಯ ಮಾತು ಕನ್ನಡ, ವಿದ್ಯೆಯ ಮಾತು ಇಂಗ್ಲಿಷು. ಮೂವತ್ತು ವರ್ಷ ಅಮೆರಿಕದ ಷಿಕಾಗೋದಲ್ಲಿ ಅಧ್ಯಾಪಕರಾಗಿದ್ದು 1993ರಲ್ಲಿ ಅಲ್ಲಿಯೇ ತೀರಿಕೊಂಡರು. ಬೀದಿಯಲ್ಲಿ ಕಲಿತ ಭಾಷೆ ಬೀದಿ ತಪ್ಪಿದ ಮೇಲೆ ಹೋಗಬೇಕಾಗಿತ್ತು. ಹೋಗಲಿಲ್ಲ. 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಎಂಬ ಕನ್ನಡ ಕವನ ಸಂಗ್ರಹ ಬಂದಿತು; 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ, 1976ರಲ್ಲಿ ‘ಸಂಸ್ಕಾರ’ದ ಅನುವಾದ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊಳೆ ದಾಟಿಸುವ ಅಂಬಿಗನಿಗೆ ಎರಡು ದಡಗಳೂ ಮರೆಯುವುದಿಲ್ಲ.

“ಇವರೆಲ್ಲ ಮಹಾನುಭಾವರು, ನಮ್ಮ ಹಳ್ಳಿಯ ಹುಡುಗ ನಿಘಂಟು ಬರೆಯಲು ಬಂದಾನೆಯೆ?” ಎಂದು ಕೇಳುವವರುಂಟು. ಕೇಳುವುದು ನ್ಯಾಯವೇ. ನಿಘಂಟು ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಅಜ್ಜಿಯ ಔಷಧದ ಬುಡ್ಡಿಯ ಮೇಲಿನ ಇಂಗ್ಲಿಷ್ ಚೀಟಿಯನ್ನು ಓದಿ ಅವಳಿಗೆ ಕನ್ನಡದಲ್ಲಿ ಹೇಳುವುದೂ ಅನುವಾದವೇ. ಕೀಟನಾಶಕದ ಡಬ್ಬಿಯ ಮೇಲೆ ಏನು ಬರೆದಿದೆ, ವಿಮೆಯ ಕಾಗದದ ಸಣ್ಣಕ್ಷರಗಳಲ್ಲಿ ಏನು ಅಡಗಿದೆ ಎಂಬುದನ್ನು ತಂದೆಗೆ ಬಿಡಿಸಿ ಹೇಳುವುದೂ ಅನುವಾದವೇ. ನಮ್ಮ ಶಾಲೆಗಳು ಹತ್ತು ವರ್ಷಗಳಲ್ಲಿ ಒಂದು ಸಲವಾದರೂ ಮಗುವಿಗೆ ಇಂತಹ ಕೆಲಸವನ್ನು ವಹಿಸಿವೆಯೆ? ವಹಿಸಿದ್ದು ಗೈಡಿನ ಉತ್ತರವನ್ನು ನಕಲು ಮಾಡುವ ಕೆಲಸವನ್ನು. ತನ್ನ ಊರಿನ ಕೆರೆ, ತನ್ನ ಮನೆಯ ಹಸು, ತನ್ನ ತಾಯಿಯ ಕಾಯಿಲೆ ಇವುಗಳಲ್ಲಿ ಯಾವುದನ್ನೂ ಆ ಭಾಷೆ ಮುಟ್ಟಲಿಲ್ಲವಾದರೆ, ಅದು ಹುಡುಗನ ಮನಸ್ಸಿನಲ್ಲಿ ನೆಲೆ ನಿಲ್ಲುವುದು ಯಾವ ಆಧಾರದ ಮೇಲೆ?

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಕನ್ನಡದ ಮೇಷ್ಟರು ಪರಭಾಷೆಯ ಪರವಾಗಿ ವಕಾಲತ್ತು ಹಾಕುವುದೇ ಎಂದು ನನ್ನ ಮಿತ್ರರಲ್ಲಿಯೇ ಕೆಲವರು ಹುಬ್ಬೇರಿಸಬಹುದು. ಕನ್ನಡಕ್ಕೆ ಅಪಾಯ ಬರುವುದು ಕನ್ನಡವನ್ನು ಬಿಟ್ಟು ಇಂಗ್ಲಿಷಿಗೆ ಹೋದವರಿಂದ, ಮತ್ತು ಎರಡನ್ನೂ ಅರ್ಧಂಬರ್ಧ ಕಲಿತು ಎರಡರಲ್ಲಿಯೂ ತಡವರಿಸುವವರಿಂದ. ಪರಭಾಷೆಯನ್ನು ಚೆನ್ನಾಗಿ ಕಲಿತು ಕನ್ನಡಕ್ಕೆ ಮರಳುವವರಿಂದ ಕನ್ನಡಕ್ಕೆ ಲಾಭವೇ ಹೊರತು ನಷ್ಟವಾದುದನ್ನು ನಾನು ಕಾಣೆ. ಶ್ರೀಕಂಠಯ್ಯನವರ ಉದಾಹರಣೆಯೇ ಇದಕ್ಕೆ ಸಾಕು. ಅಷ್ಟೇ ಅಲ್ಲ: ತಾಯ್ನುಡಿಯಲ್ಲಿ ಒಂದು ಪುಟವನ್ನು ಅರ್ಥವಿಟ್ಟು ಓದಲಾರದ ಮಗು ಪರಭಾಷೆಯಲ್ಲಿ ಓದೀತೆಂದು ನಿರೀಕ್ಷಿಸುವುದು ತಳಪಾಯವಿಲ್ಲದೆ ಮಾಳಿಗೆ ಕಟ್ಟಿದಂತೆ. ಪರಭಾಷೆ ಮಾಸದಂತೆ ನೋಡಿಕೊಳ್ಳಬೇಕಾದರೂ ಮೊದಲು ಕನ್ನಡ ಗಟ್ಟಿಯಾಗಬೇಕು.

ಎರಡನೆಯ ಆಕ್ಷೇಪ ಈ ಕಾಲದ್ದು. ಕೈಯಲ್ಲಿರುವ ಫೋನು ಯಾವ ಭಾಷೆಯನ್ನು ಯಾವ ಭಾಷೆಗಾದರೂ ಕ್ಷಣದಲ್ಲಿ ತಿರುಗಿಸಿ ಕೊಡುವಾಗ ಇಷ್ಟೆಲ್ಲ ಪಾಡು ಏಕೆ ಎಂದು ಕೇಳುತ್ತಾರೆ. ಯಂತ್ರದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಕ್ಕಡಿ ಇನ್ನೊಬ್ಬನ ಕೈಯಲ್ಲಿರುವಾಗ ಮುಳ್ಳನ್ನು ನೋಡಲಾದರೂ ನಮಗೆ ತಿಳಿದಿರಬೇಕಲ್ಲವೆ? ಯಂತ್ರ ಕೊಟ್ಟ ಅರ್ಥ ಸರಿಯೇ ಎಂದು ತೀರ್ಮಾನಿಸಬಲ್ಲವನು ಆ ಭಾಷೆಯನ್ನು ಬಲ್ಲವನೇ. ಬಾರದವನು ಕೊಟ್ಟದ್ದನ್ನು ನಂಬುತ್ತಾನೆ. ಸಾಲದ ಕಾಗದಕ್ಕೆ ರುಜು ಹಾಕುವಾಗಲೂ ನಂಬುತ್ತಾನೆ. ಅಲ್ಲದೆ, ರೋಗಿಯ ಹಾಸಿಗೆಯ ಬಳಿ ನಿಂತ ದಾದಿ ಅವನ ನರಳಾಟವನ್ನು ಯಂತ್ರಕ್ಕೆ ಕೇಳಿಸಿ ಅರ್ಥಕ್ಕಾಗಿ ಕಾಯುತ್ತ ನಿಲ್ಲಲಾಗದು.

ಹಾಗಾದರೆ ಮಾಡಬೇಕಾದುದೇನು? ಬಾರಿಕ್ ಮತ್ತು ಅವನ ಮನೆಯವರೇ ಮೂವರು, ಒಟ್ಟು ನಾಲ್ವರು ಸೇರಿ, ಪರಭಾಷೆಯ ಮುನ್ನೂರು ಮಾತುಗಳನ್ನು ತಾವೇ ಕಲಿತು ವರ್ಷಗಟ್ಟಲೆ ಪರೀಕ್ಷಿಸಿಕೊಂಡು 1993ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಹದಿನಾಲ್ಕು ದಿನಕ್ಕೊಮ್ಮೆ ಇಪ್ಪತ್ತಾರು ಸಲ ಮೆಲುಕು ಹಾಕಿದರೆ ಎಷ್ಟು ಉಳಿಯುವುದೋ, ಐವತ್ತಾರು ದಿನಕ್ಕೊಮ್ಮೆ ಹದಿಮೂರೇ ಸಲ ಮೆಲುಕು ಹಾಕಿದರೂ ಸುಮಾರು ಅಷ್ಟೇ ಉಳಿಯಿತು. ಒಂದೇ ರಾತ್ರಿ ನಿದ್ದೆಗೆಟ್ಟು ಓದುವುದಕ್ಕಿಂತ ದಿನ ಬಿಟ್ಟು ದಿನ ಬಿಟ್ಟು ಮತ್ತೆ ಮತ್ತೆ ಮುಟ್ಟುವುದು ಮೇಲೆಂದು ಇದರ ಅರ್ಥ. ಇದು ಬಡವನಿಗೆ ಶುಭವಾರ್ತೆ. ದಿನವೂ ಗಂಟೆಗಟ್ಟಲೆ ಕುಳಿತು ಓದಲು ಬಿಡುವಿಲ್ಲದವನೂ ವಾರಕ್ಕೆ ಎರಡು ಸಲ ಅರ್ಧ ಗಂಟೆಯನ್ನು ಮಿಗಿಸಬಲ್ಲ. ಹಾಡ್ತಾ ಹಾಡ್ತಾ ರಾಗ ಎಂಬ ಗಾದೆಯನ್ನು ಮಾಡಿದ ನಮ್ಮ ಜನಕ್ಕೆ ಈ ರಹಸ್ಯ ಮೊದಲೇ ಗೊತ್ತಿತ್ತು.

ಆ ಅರ್ಧ ಗಂಟೆಯಲ್ಲಿ ಮಾಡಬೇಕಾದುದನ್ನೂ ಹೇಳಿಬಿಡುತ್ತೇನೆ. ಹಿಂದೆ ಓದಿದ ಪಾಠವೊಂದನ್ನು ಗಟ್ಟಿಯಾಗಿ ಓದಬೇಕು. ಕಣ್ಣು ಮರೆತುದನ್ನು ಕಿವಿ ಎಬ್ಬಿಸುತ್ತದೆ. ಪುಸ್ತಕವನ್ನು ಮುಚ್ಚಿ, ಓದಿದ್ದನ್ನು ನೆನಪಿನಿಂದ ಹೇಳಲು ಯತ್ನಿಸಬೇಕು. ನೋಡಿ ಗುರುತು ಹಿಡಿಯುವುದು ಬೇರೆ, ನೋಡದೆ ಆಡುವುದು ಬೇರೆ. ಒಂದು ನೋಟುಪುಸ್ತಕದ ಎಡಪುಟದಲ್ಲಿ ಆ ಭಾಷೆಯ ಐದು ಸಾಲು, ಬಲಪುಟದಲ್ಲಿ ಅದರ ಕನ್ನಡ. ಮುಂದಿನ ವಾರ ಎಡಪುಟವನ್ನು ಮುಚ್ಚಿ, ತನ್ನ ಕನ್ನಡದಿಂದಲೇ ಮತ್ತೆ ಅತ್ತ ದಾಟಬೇಕು. ಎಲ್ಲಕ್ಕಿಂತ ಮೇಲಾಗಿ, ಇನ್ನೊಬ್ಬರಿಗೆ ಹೇಳಿಕೊಡಬೇಕು. ತಂಗಿಗೋ ನೆರೆಮನೆಯ ಹುಡುಗನಿಗೋ ಹೇಳಿಕೊಡಲು ಹೊರಟಾಗ ತನಗೆ ಯಾವುದು ತಿಳಿದಿದೆ, ಯಾವುದು ತಿಳಿದಂತೆ ತೋರುತ್ತಿದೆ ಎಂಬುದು ಆಗಲೇ ಬಯಲಾಗುತ್ತದೆ.

ನನ್ನ ವಿದ್ಯಾರ್ಥಿನಿ ಮಾಡಿದುದು ಇದನ್ನೇ. ಹೊಸ ಪುಸ್ತಕ ಕೊಳ್ಳಲಿಲ್ಲ. ತರಗತಿಗೆ ಮತ್ತೆ ಹಣ ಕಟ್ಟಲಿಲ್ಲ. ಹಳೆಯ ಪಾಠಪುಸ್ತಕವನ್ನೇ ಗಟ್ಟಿಯಾಗಿ ಓದುತ್ತ, ಊರಿನ ಇನ್ನಿಬ್ಬರು ಹುಡುಗಿಯರಿಗೆ ಮೊದಲ ಪಾಠಗಳನ್ನು ಹೇಳಿಕೊಡುತ್ತ ನಾಲ್ಕು ತಿಂಗಳು ಕಳೆದಳು. ಎರಡು ವರ್ಷದ ಕಲಿಕೆ ನಾಲ್ಕು ತಿಂಗಳಲ್ಲಿ ಮುಕ್ಕಾಲು ಪಾಲು ಚಿಗುರಿತು. ಅವಳಿಗೆ ದೂರದೇಶದ ಕೆಲಸ ಸಿಕ್ಕಿತೇ ಎಂದು ವಾಚಕರು ಕೇಳಬಹುದು. ಇನ್ನೂ ಕಾಯುತ್ತಿದ್ದಾಳೆ. ಆದರೆ ಕಾಯುವ ಕಾಲವನ್ನು ಮರೆಯುವ ಕಾಲವಾಗಲು ಬಿಟ್ಟಿಲ್ಲ.

ವ್ಯಕ್ತಿಯ ಪ್ರಯತ್ನಕ್ಕೆ ಊರಿನ ಆಸರೆಯೂ ಬೇಕು. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಅಂದವಾದ ಹೆಸರು ಈಗ ಬಂದಿದೆ. ವಾರಕ್ಕೊಂದು ಸಂಜೆ ಅಲ್ಲಿ ಊರಿನ ನಾಲ್ಕಾರು ಜನ ಸೇರಿ ಪರಭಾಷೆಯ ಒಂದು ಪುಟವನ್ನು ಓದಿ ಕನ್ನಡದಲ್ಲಿ ಚರ್ಚಿಸಿದರೆ ಹೆಸರಿಗೆ ತಕ್ಕ ಬಾಳು ಅದಕ್ಕೆ ಬಂದೀತು. ಕಾಲೇಜುಗಳು ತಮ್ಮಿಂದ ಹೊರಟ ವಿದ್ಯಾರ್ಥಿಗಳಿಗೆ ಇನ್ನು ಮೂರು ವರ್ಷವಾದರೂ ಗ್ರಂಥಾಲಯದ ಬಾಗಿಲನ್ನು ತೆರೆದಿಡಬೇಕು. ಮರೆವು ಹೆಚ್ಚು ಹಾನಿ ಮಾಡುವುದು ಆ ವರ್ಷಗಳಲ್ಲಿಯೇ ಎಂದು ತಿಳಿದ ಮೇಲೂ, ವರ್ಗಾವಣೆ ಪತ್ರದೊಡನೆ ಪುಸ್ತಕದ ಹಕ್ಕನ್ನೂ ಕಿತ್ತುಕೊಳ್ಳುವುದು ವಿವೇಕವಲ್ಲ. ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ, ಹೊಸ ಯೋಜನೆ ಬೇಕಾಗಿಲ್ಲ. ಒಂದು ಸುತ್ತೋಲೆ ಸಾಕು. ಪ್ರಶ್ನೆಪತ್ರಿಕೆಗಳನ್ನು ತಯಾರಿಸುವವರೂ, ಗೈಡಿನಲ್ಲಿ ಉತ್ತರ ದೊರೆಯದ ಒಂದು ಪ್ರಶ್ನೆಯನ್ನಾದರೂ, ಕಾಣದ ಗದ್ಯಭಾಗವೊಂದನ್ನು ಕನ್ನಡಕ್ಕೆ ತರುವಂತಹುದನ್ನು, ಕೇಳುವ ಧೈರ್ಯ ಮಾಡಬೇಕು.

ಬಡವನ ಮನೆಯಲ್ಲಿ ಪರಭಾಷೆಯೊಂದು ಬಂದು ನಿಲ್ಲುವುದು ಸುಲಭವಾಗಿ ಅಲ್ಲ. ಒಬ್ಬಳು ತಾಯಿ ಸರವನ್ನು ಕೊಟ್ಟಿರುತ್ತಾಳೆ. ಒಬ್ಬ ತಂದೆ ಒಂದು ಜೊತೆ ಎತ್ತನ್ನು ಮಾರಿರುತ್ತಾನೆ. ಹತ್ತು ಹನ್ನೆರಡು ವರ್ಷ ಒಂದು ಮಗು ಬೆಳಗಿನ ಬಸ್ಸಿಗೆ ನಿಂತಿರುತ್ತದೆ. ಅಷ್ಟು ಬೆಲೆ ತೆತ್ತು ತಂದುದನ್ನು ಪರೀಕ್ಷೆಯ ಫಲಿತಾಂಶ ಬಂದ ದಿನವೇ ಹೊರಗೆ ಹಾಕುವ ರೂಢಿಯನ್ನು ನಾವು ಬಿಡಬೇಕು. ಕಲಿಸುವುದಕ್ಕೆ ನಾಡು ಮಾಡುತ್ತಿರುವ ವೆಚ್ಚದಲ್ಲಿ ನೂರಕ್ಕೊಂದು ಪಾಲನ್ನು ಉಳಿಸಿಕೊಳ್ಳುವುದಕ್ಕೆ ಮಾಡಿದರೆ, ನಮ್ಮ ಮಕ್ಕಳ ನಾಲಗೆಯ ಮೇಲೆ ಎರಡು ಭಾಷೆಗಳು ಗಟ್ಟಿಯಾಗಿ ನಿಂತಾವು: ಹುಟ್ಟಿನಿಂದ ಬಂದುದೊಂದು, ದುಡಿದು ಗಳಿಸಿದುದೊಂದು. ಗಳಿಸಿದುದನ್ನು ಕಾಪಾಡಿಕೊಳ್ಳಲಾರದವನು ಹುಟ್ಟಿನಿಂದ ಬಂದುದನ್ನೂ ಬಹುಕಾಲ ಕಾಪಾಡಲಾರನೆಂಬ ಭಯ ಕನ್ನಡದ ಅಧ್ಯಾಪಕನಾದ ನನಗೆ ಇದೆ. ಈ ಮಾತನ್ನು ನಾನು ಆಡುತ್ತಿರುವುದು ಆದುದರಿಂದಲೇ.